ವಿತರಕರ ಸಮ್ಮೇಳನಕ್ಕೆ ಮನಸ್ಸು ಓದುವವರನ್ನು ಕರೆಸಬಹುದೇ? ರಾಯಚೂರು, ಬಳ್ಳಾರಿ ಕಡೆ ಅನುಭವ ಇದ್ದವರು ತಿಳಿಸಿ

ಹತ್ತಿಬೀಜ_ರಾಯಚೂರು
ಎಲ್ಲರಿಗೂ ನಮಸ್ಕಾರ. ಬಿತ್ತನೆ ಬೀಜದ ಕಂಪನಿಯೊಂದರ ರಾಯಚೂರು ಕಚೇರಿಯಲ್ಲಿ ಮಾರಾಟ ವಿಭಾಗ ನೋಡಿಕೊಳ್ಳುತ್ತೇನೆ. ಮುಂಗಾರಿಗೆ ಮುಂಚೆ ವಿತರಕರ ವಾರ್ಷಿಕ ಸಮ್ಮೇಳನ ಇದೆ. ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು ಅಲ್ಲದೆ ಸಿರುಗುಪ್ಪ, ಗಂಗಾವತಿಯಿಂದಲೂ ಅಂಗಡಿಯವರು ಬರುತ್ತಾರೆ. 250 ಜನ ಆಗಬಹುದು. ಇಷ್ಟು ವರ್ಷ ಊಟಕ್ಕೆ ಮೊದಲು ಆರ್ಕೆಸ್ಟ್ರಾ ಇಡುತ್ತಿದ್ದೆವು. ನಾಲ್ಕನೆಯ ಹಾಡು ಬರುವ ಹೊತ್ತಿಗೆ ಅರ್ಧ ಸಭೆ ಊಟದ ಸಾಲಿನಲ್ಲಿರುತ್ತಿತ್ತು.

ಈ ಸಲ ನಮ್ಮ ವಲಯ ವ್ಯವಸ್ಥಾಪಕರು ಹೈದರಾಬಾದಿನ ಯಾವುದೋ ಸಮ್ಮೇಳನದಲ್ಲಿ ಒಬ್ಬ ಮೆಂಟಲಿಸ್ಟನನ್ನು ನೋಡಿ ಬಂದಿದ್ದಾರೆ. ಸಭಿಕರೊಬ್ಬರನ್ನು ಎಬ್ಬಿಸಿ ಅವರ ಬಾಲ್ಯದ ಗೆಳೆಯನ ಹೆಸರು ಹೇಳಿದನಂತೆ, ಇನ್ನೊಬ್ಬರ ಮೊಬೈಲಿನ ಪಾಸ್‌ವರ್ಡ್ ಹೇಳಿದನಂತೆ. ಅಂದಿನಿಂದ ಅವರಿಗೆ ಅದೇ ಗುಂಗು. ನಮ್ಮ ಹೊಸ ತಳಿಯ ಹೆಸರು ವಿತರಕರ ಮನಸ್ಸಿನಿಂದಲೇ ಹೊರಬಂದ ಹಾಗೆ ತೋರಿಸಬೇಕು, ಜೊತೆಗೆ ಬರುವ ಹಂಗಾಮಿನ ಹತ್ತಿ ದರವನ್ನು ಲಕೋಟೆಯೊಳಗೆ ಬರೆದಿಡಬೇಕು ಎಂಬುದು ಅವರ ಆಸೆ.

ನಮ್ಮ ಅಂಗಡಿಯವರಿಗೆ ಇದು ಹಿಡಿಸೀತೇ? ಮಾತಿಗೆ ಸಿಕ್ಕ ಕಲಾವಿದರೆಲ್ಲ ಇಂಗ್ಲಿಷ್, ಹಿಂದಿಯವರು. ಖರ್ಚೂ ಆರ್ಕೆಸ್ಟ್ರಾಕ್ಕಿಂತ ಹೆಚ್ಚು. ಮಾಡಿಸಿದವರು, ನೋಡಿದವರು ಯಾರಾದರೂ ಇದ್ದರೆ ಹೇಳಿ.

ಭತ್ತದ_ವ್ಯಾಪಾರಿ
ಸಾಹೇಬರೇ, ನಾನು ಗಂಗಾವತಿಯವನು. ಕಂಪನಿಗಳ ಸಮ್ಮೇಳನಗಳಲ್ಲಿ ಕುಳಿತು ಕುಳಿತು ಸವೆದಿದ್ದೇನೆ. ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಹೈದರಾಬಾದಿನಿಂದ ಯಾರೂ ಬರಬೇಕಾಗಿಲ್ಲ. ಹಳೆಯ ಸ್ಕೀಮಿನ ಕ್ರೆಡಿಟ್ ನೋಟ್ ಯಾವಾಗ ಬರುತ್ತದೆ, ಉಳಿದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳುತ್ತೀರಾ, ಇವೆರಡೇ ಇರುತ್ತವೆ.

ವೇದಿಕೆಯ_ಹಿಂದೆ
ಬಳ್ಳಾರಿಯಲ್ಲಿ ಧ್ವನಿ, ಬೆಳಕು, ವೇದಿಕೆಯ ಕೆಲಸ ನನ್ನದು. ಉಕ್ಕು, ಗಣಿ, ಸಿಮೆಂಟ್ ಕಂಪನಿಗಳ ಕಾರ್ಯಕ್ರಮಗಳಿಗೆ ಇಂಥ ಕಲಾವಿದರು ಬಂದಾಗ ಪಕ್ಕದಲ್ಲೇ ನಿಂತಿರುತ್ತೇನೆ. ಅವರ ಗುಟ್ಟು ಬಿಚ್ಚುವುದಿಲ್ಲ, ಏರ್ಪಾಡಿನ ಮಾತನ್ನಷ್ಟೇ ಹೇಳುತ್ತೇನೆ.

ಇದು ಮಾತಿನ ಮೇಲೆ ನಿಂತ ಕಲೆ. ಕಣ್ಣಿಗೆ ಕಾಣುವುದು ಒಂದು ಚೀಟಿ, ಒಂದು ಪೆನ್ನು, ಒಂದು ಮುಖ. ಹಿಂದಿನ ಸಾಲಿಗೆ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಅಲ್ಲಿಗೆ ಮುಗಿಯಿತು. ಕಲಾವಿದನಿಗೆ ತಲೆಗೆ ಕಟ್ಟುವ ಮೈಕು, ವೇದಿಕೆಗೆ ಬರುವ ಸಭಿಕನಿಗೆ ಕೈಯಲ್ಲಿ ಹಿಡಿಯುವ ಮೈಕು, ಎರಡೂ ಬೇಕು. ಸಭಿಕ ಮೆಲ್ಲಗೆ "ಹೌದು" ಎಂದದ್ದು ಕೇಳದಿದ್ದರೆ ಉಳಿದವರಿಗೆ ಏನು ಸರಿಯಾಯಿತು ಎಂದೇ ತಿಳಿಯುವುದಿಲ್ಲ. ಚೀಟಿಯ ಮೇಲಿನ ಬರಹ ಕಾಣಲು ಒಂದು ಕ್ಯಾಮೆರಾ, ದೊಡ್ಡ ಪರದೆ ಇಡಿ. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಕಲಾವಿದನನ್ನೇ ಕೇಳಿ. ಪಕ್ಕದಿಂದ ಹಿಡಿದರೆ ಅವನು ತೋರಿಸಬಾರದ್ದೂ ಕಾಣುತ್ತದೆ, ಆಮೇಲೆ ಜಗಳ ನನ್ನ ಹುಡುಗನ ಮೇಲೆ ಬರುತ್ತದೆ.

ಸಮಯ 35ರಿಂದ 40 ನಿಮಿಷ ಸಾಕು. ಊಟ ಬಡಿಸುತ್ತಿರುವಾಗ ಖಂಡಿತ ಬೇಡ. ತಟ್ಟೆ ಸದ್ದು, ಸ್ಟಾರ್ಟರ್ ಹಿಡಿದು ಓಡಾಡುವ ಹುಡುಗರು, ಇವುಗಳ ನಡುವೆ ಯಾರ ಮನಸ್ಸನ್ನೂ ಯಾರೂ ಓದಲಾರರು. "ಪಾನೀಯ" ಇದ್ದರೆ ಅದು ಪ್ರದರ್ಶನದ ನಂತರ. ಗುಂಡು ಮೇಜು ಹಾಕಿದರೆ ಅರ್ಧ ಜನ ವೇದಿಕೆಗೆ ಬೆನ್ನು ಹಾಕಿರುತ್ತಾರೆ, ಆದ್ದರಿಂದ ಕುರ್ಚಿ ಸಾಲೇ ಒಳ್ಳೆಯದು.

ಇನ್ನೊಂದು ಮುಖ್ಯ ವಿಷಯ. ಹಲವರು ಪ್ರದರ್ಶನಕ್ಕೆ ಒಂದೆರಡು ಗಂಟೆ ಮೊದಲೇ ಬಂದು ಚಹಾದ ಹೊತ್ತಿನಲ್ಲಿ ಕೆಲವರನ್ನು ಮಾತನಾಡಿಸುತ್ತಾರೆ, ಏನಾದರೂ ಬರೆಯಿಸುತ್ತಾರೆ. ಕಸುಬಿನಲ್ಲಿ ಇದಕ್ಕೆ ಪ್ರೀ-ಶೋ ಎನ್ನುತ್ತಾರೆ. ಅದಕ್ಕೆ ಜಾಗ, ಸಮಯ ಕೊಡಬೇಕಾಗುತ್ತದೆ. ಹೈದರಾಬಾದಿನ ಬಾಲ್ಯದ ಗೆಳೆಯನ ಹೆಸರೂ ಚಹಾದ ಹೊತ್ತಿನಲ್ಲೇ ಹೊರಬಿದ್ದಿರಬಹುದು. ನಿಮ್ಮ ವ್ಯವಸ್ಥಾಪಕರಿಗೆ ಹೇಳಬೇಡಿ, ಪಾಪ.

ಹತ್ತಿಬೀಜ_ರಾಯಚೂರು
ಅಣ್ಣಾ, ಉಪಕಾರವಾಯಿತು. ಹಾಗಾದರೆ ಅದು ಮೋಸವೇ?

ಕೈಚಳಕದ_ಮಾಸ್ತರ
ಕೊಪ್ಪಳ ಜಿಲ್ಲೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತೇನೆ, ಬಿಡುವಿನಲ್ಲಿ ಜಾದೂ ಮಾಡುತ್ತೇನೆ. ಮೋಸ ಎನ್ನುವುದು ಅವನು ಏನು ಹೇಳಿಕೊಂಡು ಮಾಡುತ್ತಾನೆ ಎಂಬುದರ ಮೇಲಿದೆ. ಪ್ಯಾರಿಸ್ಸಿನಲ್ಲಿ ರಾಬರ್ಟ್-ಹೂದಾಂ ಎಂಬ ಜಾದೂಗಾರ 1846ರಲ್ಲೇ ತನ್ನ ಮಗನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ಸಭಿಕರು ಕೊಟ್ಟ ವಸ್ತು ಏನೆಂದು ಅವನಿಂದ ಹೇಳಿಸುತ್ತಿದ್ದ. ನಮ್ಮ ಜಾತ್ರೆಗಳಲ್ಲಿ ಹುಡುಗನನ್ನು ಚಾದರದಡಿ ಮಲಗಿಸಿ "ಇವರ ಕೈಯಲ್ಲಿ ಏನಿದೆ ಹೇಳು" ಎಂದು ಕೇಳುತ್ತಿದ್ದವರೂ ಅದೇ ಕುಲದವರು. ಕೇಳುವ ಮಾತಿನೊಳಗೇ ಉತ್ತರದ ಸಂಕೇತ ಇರುತ್ತದೆ. ಆ ಸಂಕೇತಗಳನ್ನು ಇಬ್ಬರೂ ಬಾಯಿಪಾಠ ಮಾಡಿ ತಡವರಿಸದೆ ಒಪ್ಪಿಸುವುದು ಸಣ್ಣ ಸಾಧನೆಯಲ್ಲ.

ಇನ್ನೊಂದು ಬಗೆ ಮೈಯ ಸುಳಿವು ಹಿಡಿಯುವುದು. ವಾಷಿಂಗ್ಟನ್ ಇರ್ವಿಂಗ್ ಬಿಷಪ್ ಎಂಬ ಅಮೆರಿಕದವನು ಕಣ್ಣು ಕಟ್ಟಿಕೊಂಡು, ವಸ್ತು ಬಚ್ಚಿಟ್ಟವರ ಮಣಿಕಟ್ಟು ಹಿಡಿದು, ಅದು ಇರುವಲ್ಲಿಗೇ ನಡೆದು ಹೋಗುತ್ತಿದ್ದ. ಬಚ್ಚಿಟ್ಟವನ ಕೈ ತನಗೆ ಅರಿವಿಲ್ಲದೆ ಆ ಕಡೆ ಸ್ವಲ್ಪ ಎಳೆಯುತ್ತದೆ, ಬೇರೆ ಕಡೆ ಹೋದರೆ ಬಿಗಿಯುತ್ತದೆ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಅದು ಕೇಳುವವನ ತಲೆಯ ಸಣ್ಣ ಚಲನೆಯನ್ನು ನೋಡಿ ನಿಲ್ಲಿಸುತ್ತಿತ್ತು. ಕೋಲೆ ಬಸವ ತಲೆಯಾಡಿಸುವುದನ್ನು ಕಂಡ ನಮಗೆ ಇದೇನು ಹೊಸದಲ್ಲ. ನಮ್ಮವನು ಬೇಕೆಂದೇ ಸನ್ನೆ ಮಾಡುತ್ತಾನೆ, ಬರ್ಲಿನ್ನಿನವನಿಗೆ ತಾನು ಸನ್ನೆ ಮಾಡುತ್ತಿದ್ದೇನೆಂದೇ ಗೊತ್ತಿರಲಿಲ್ಲ.

ಇನ್ನು ಆಯ್ಕೆ ಮಾಡಿಸುವ ಜಾಣ್ಮೆ. "1ರಿಂದ 50ರೊಳಗೆ ಎರಡಂಕಿಯ ಒಂದು ಸಂಖ್ಯೆ ನೆನೆಯಿರಿ, ಎರಡೂ ಅಂಕಿ ಬೆಸ ಇರಲಿ, ಬೇರೆ ಬೇರೆ ಇರಲಿ, ಉದಾಹರಣೆಗೆ 15" ಎಂದರೆ ಸಭೆಗೆ ಬಹಳ ಸ್ವಾತಂತ್ರ್ಯ ಇದ್ದಂತೆ ಕೇಳುತ್ತದೆ. ಲೆಕ್ಕ ಹಾಕಿ: 13, 15, 17, 19, 31, 35, 37, 39, ಇಷ್ಟೇ. ಹೇಳಿಬಿಟ್ಟ 15 ಅನ್ನು ಯಾರೂ ಆರಿಸುವುದಿಲ್ಲ. ಉಳಿದವುಗಳಲ್ಲಿ 37ಕ್ಕೆ ಒಲವು ಹೆಚ್ಚು. ಇದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತೇನೆ. ಇದಕ್ಕಿಂತ ಗಟ್ಟಿಯಾದದ್ದನ್ನು ಬರೆಯುವುದಿಲ್ಲ, ಅದು ಒಬ್ಬರ ಅನ್ನ.

ಮೂರನೇ_ಪಾಳಿ
ಮಾಸ್ತರರೇ, ನನಗಿರುವ ಸಿಟ್ಟೇ ಬೇರೆ. ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ, ಯಾವುದೆಂದು ಬೇಡ. ಮನರಂಜನೆಗೆಂದು ಬಂದ ಮೆಂಟಲಿಸ್ಟ್ ಮರುದಿನ ನಮ್ಮ ಮೇಲ್ವಿಚಾರಕರಿಗೆ "ದೇಹಭಾಷೆಯಿಂದ ಸುಳ್ಳು ಪತ್ತೆ" ಎಂಬ ತರಬೇತಿಯನ್ನೂ ಕೊಟ್ಟು ಹೋದ. ಮೂಗು ಮುಟ್ಟಿಕೊಂಡರೆ ಸುಳ್ಳು, ಕಣ್ಣು ಬಲಕ್ಕೆ ಹೊರಳಿದರೆ ಕಟ್ಟುಕಥೆ. ಆಮೇಲೆ ಒಂದು ತಿಂಗಳು ನಮ್ಮ ಪಾಳಿಯಲ್ಲಿ ರಜೆ ಕೇಳಲು ಹೋದವನು ಮೂಗು ತುರಿಸಿಕೊಳ್ಳುವಂತಿರಲಿಲ್ಲ. ಸ್ಪಾಂಜ್ ಐರನ್ ಧೂಳಿನಲ್ಲಿ ಮೂಗು ತುರಿಸದೆ ಯಾರು ಇರುತ್ತಾರೆ ಹೇಳಿ.

ಕೈಚಳಕದ_ಮಾಸ್ತರ
ಆ ಸಿಟ್ಟು ನ್ಯಾಯವಾದದ್ದು. ಸುಳ್ಳು ಪತ್ತೆ ಹಚ್ಚುವ ಸಾಮರ್ಥ್ಯದ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು ಬಾಂಡ್ ಮತ್ತು ಡಿಪಾಲೊ ಎಂಬ ಸಂಶೋಧಕರು 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. ಜನರ ಅಂದಾಜು ಸರಿಯಾದದ್ದು ಸರಾಸರಿ ಶೇ. 54. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ವೇದಿಕೆಯ ಮೇಲೆ "ನಾನು ನಿಮ್ಮ ಕಣ್ಣಿನ ಚಲನೆ ಓದಿದೆ" ಎನ್ನುವುದೂ ಆಟದ ಒಂದು ಭಾಗ. ಹಳೆಯ ಕಾಲದವರು ದಿವ್ಯಶಕ್ತಿ ಎನ್ನುತ್ತಿದ್ದರು, ಈಗಿನವರು ಮನಶ್ಶಾಸ್ತ್ರ ಎನ್ನುತ್ತಾರೆ. ಡೆರೆನ್ ಬ್ರೌನ್ ಎಂಬ ಮೆಂಟಲಿಸ್ಟ್ 2009ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಲಾಟರಿ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟಂತೆ ತೋರಿಸಿದ. ಆಮೇಲೆ ಕೊಟ್ಟ ವಿವರಣೆ ಏನು? 24 ಜನರ ಊಹೆಗಳ ಸರಾಸರಿ ತೆಗೆದೆ ಎಂದು. ಲಾಟರಿ ಚೆಂಡಿಗೆ ಜನರ ಸರಾಸರಿ ಕಟ್ಟಿಕೊಂಡು ಆಗಬೇಕಾದದ್ದೇನು? ವಿವರಣೆಯೂ ಒಂದು ಜಾದೂ. ಟಿವಿ ಮುಂದೆ ಕುಳಿತು ನೋಡಿದರೆ ಮಜಾ. ಅದನ್ನೇ ತರಬೇತಿಯೆಂದು ಮಾರಿ, ಅದರ ಮೇಲೆ ಒಬ್ಬ ಕಾರ್ಮಿಕನ ರಜೆ ತೀರ್ಮಾನವಾದರೆ ಅದೇ ಮೋಸ. ಹತ್ತಿಬೀಜ ಸಾಹೇಬರಿಗೆ ಉತ್ತರ ಇಲ್ಲಿದೆ.

ಶಕ್ತಿನಗರದ_ಅಕ್ಕ
ಮಾನವ ಸಂಪನ್ಮೂಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಎಲ್ಲರೂ ಕಲಾವಿದನ ಬಗ್ಗೆ ಮಾತನಾಡುತ್ತಿದ್ದೀರಿ, ವೇದಿಕೆಗೆ ಎಳೆಯಲ್ಪಡುವವರ ಬಗ್ಗೆ ಯಾರೂ ಮಾತನಾಡುತ್ತಿಲ್ಲ.

ಇವರ ಬತ್ತಳಿಕೆಯಲ್ಲಿ "ನಿಮ್ಮ ಮೊದಲ ಪ್ರೀತಿಯ ಹೆಸರು ನೆನೆಯಿರಿ" ಎಂಬುದು ಸದಾ ಇರುತ್ತದೆ. ದೊಡ್ಡ ನಗರದಲ್ಲಿ ನಕ್ಕು ಮರೆಯಬಹುದು. ಇಲ್ಲಿ ಒಂದು ಸಂಸ್ಥೆಯ ಕುಟುಂಬ ಮಿಲನದಲ್ಲಿ ಲೆಕ್ಕಪತ್ರ ವಿಭಾಗದ ಹುಡುಗಿಯೊಬ್ಬಳನ್ನು ಹೀಗೆ ಕರೆದರು. ಮದುವೆಯಾಗಿ ಹೊಸತು, ಗಂಡ ಮೂರನೇ ಸಾಲಿನಲ್ಲಿ, ಅತ್ತೆ ಅವನ ಪಕ್ಕದಲ್ಲಿ. ಅವಳು ಒಲ್ಲೆ ಎಂದಷ್ಟೂ ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ಅವನು ಒಂದು ಹೆಸರನ್ನು ಹೇಳಿಯೇ ಬಿಟ್ಟ. ಅವಳು ತಲೆ ತಗ್ಗಿಸಿದ್ದನ್ನೇ ಸಭೆ ಒಪ್ಪಿಗೆ ಎಂದುಕೊಂಡಿತು. ಮರುದಿನ ಕ್ಯಾಂಟೀನಿನಲ್ಲಿ ಚಹಾ ಕುಡಿದವರೆಲ್ಲರ ಬಾಯಲ್ಲೂ ಆ ಹೆಸರು. ಅದು ಅವಳು ನೆನೆದ ಹೆಸರೇ ಅಲ್ಲವಂತೆ, ಸುಮ್ಮನೆ ಇಳಿದು ಹೋದರೆ ಸಾಕೆಂದು ಹಾಗೆ ನಿಂತಿದ್ದಳಂತೆ. ಯಾರಿಗೆ ಅಂತ ಹೇಳಿ ಸರಿಪಡಿಸುತ್ತಾಳೆ?

ಕಲಾವಿದನಿಗೆ ಮುಂಚೆಯೇ ತಾಕೀತು ಮಾಡಿ. ಪ್ರೀತಿ, ಸಾವು, ಕಾಯಿಲೆ, ಸಾಲ, ದೇವರು ಬೇಡ. ಒಲ್ಲೆ ಎಂದವರನ್ನು ಎರಡನೆಯ ಸಲ ಕೇಳಕೂಡದು. ಪಾಸ್‌ವರ್ಡ್ ಆಟವೂ ಬೇಡ. ಅದೇ ಸಂಖ್ಯೆಯನ್ನು ಹಣ ಪಾವತಿಯ ಆ್ಯಪಿಗೂ ಇಟ್ಟವರು ಎಷ್ಟು ಜನರಿಲ್ಲ? ಅತಿಥಿಗಳ ಪಟ್ಟಿಯನ್ನು ಫೋನ್ ನಂಬರ್ ಸಮೇತ ಅವನ ಕೈಗೆ ಕೊಡಬೇಡಿ. ಫೇಸ್‌ಬುಕ್ ತೆರೆದು ಮೊಮ್ಮಗಳ ಹೆಸರು ಹುಡುಕಲು ಅವನಿಗೆ ಹತ್ತು ನಿಮಿಷ ಸಾಕು.

ವೇದಿಕೆಯ_ಹಿಂದೆ
ಅಕ್ಕನವರೇ, ಒಳ್ಳೆಯ ಕಲಾವಿದರು ಇದನ್ನು ತಾವಾಗಿಯೇ ಪಾಲಿಸುತ್ತಾರೆ. ವೇದಿಕೆಗೆ ಬಂದವರನ್ನು ದೊಡ್ಡವರನ್ನಾಗಿ ಮಾಡಿ ಕಳಿಸುತ್ತಾರೆ. ಕಳಪೆಯವರಿಗೆ ನಗು ಬೇಕಾದಾಗ ಸಿಗುವುದು ಸಭಿಕನ ಮುಜುಗರ ಒಂದೇ. ಹಣ ಮುಂಗಡ ಕೊಡುವ ಮೊದಲು ಅವರ ಪೂರ್ತಿ ಪ್ರದರ್ಶನದ ವಿಡಿಯೊ ಕೇಳಿ. ಒಂದು ನಿಮಿಷದ ತುಣುಕಿನಲ್ಲಿ ಎಲ್ಲರೂ ಬಾಯಿ ತೆರೆದು ನಿಂತಿರುವುದಷ್ಟೇ ಕಾಣುತ್ತದೆ.

ಭತ್ತದ_ವ್ಯಾಪಾರಿ
ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಸಿಂಧನೂರಿನ ಸಮ್ಮೇಳನವೊಂದರಲ್ಲಿ ನಾನಿದ್ದೆ. ನಮ್ಮಲ್ಲಿ ಅರ್ಧ ಜನ ಕ್ಯಾಂಪಿನ (ಆಂಧ್ರದಿಂದ ಬಂದು ನೆಲೆಸಿದವರ ಊರುಗಳ) ತೆಲುಗಿನವರು, ಉಳಿದವರು ಕನ್ನಡ, ಉರ್ದು. ಬಂದವನು ಇಂಗ್ಲಿಷಿನವನು. ಒಬ್ಬರನ್ನು ಕರೆದು ತಂದೆಯ ಹೆಸರು ನೆನೆಯಲು ಹೇಳಿ, ಹಣೆ ಒತ್ತಿಕೊಂಡು, "ಹನ್ನೆರಡು ಅಕ್ಷರದ ಹೆಸರು" ಎಂದು ಘೋಷಿಸಿದ. ನಮ್ಮವರು ಬೆರಳು ಮಡಿಸಿ "ಮಲ್ಲಿಕಾರ್ಜುನ, ಐದೇ ಅಕ್ಷರ" ಎಂದರು. ಸಭೆ ಹೋ ಎಂದಿತು. ಅವನು ತಪ್ಪಿದನೆಂದು ನಾವು, ಸರಿಯಾಯಿತೆಂದು ಅವನು. ನಿಜ ಹೇಳಬೇಕೆಂದರೆ ಅವತ್ತಿನ ಅತ್ಯುತ್ತಮ ಮನರಂಜನೆ ಅದೇ.

ಕೈಚಳಕದ_ಮಾಸ್ತರ
ಹೆಸರು ಊಹಿಸುವ ಕೆಲವು ಆಟಗಳನ್ನು ಇಂಗ್ಲಿಷ್ ಅಕ್ಷರಗಳ ಲೆಕ್ಕದ ಮೇಲೆಯೇ ಕಟ್ಟಿರುತ್ತಾರೆ. ಕಾಗುಣಿತ, ಒತ್ತಕ್ಷರಗಳ ಮುಂದೆ ಅವು ಮುಗ್ಗರಿಸುತ್ತವೆ. ಇಂಗ್ಲಿಷ್ ಕಾದಂಬರಿ ಕೊಟ್ಟು ಯಾವುದೋ ಪುಟದ ಪದ ಹೇಳುವ ಆಟವೂ ನಮ್ಮಲ್ಲಿ ನಡೆಯದು. ಆದ್ದರಿಂದ ಕನ್ನಡದಲ್ಲಿ, ಆಗದಿದ್ದರೆ ಸರಳ ಹಿಂದಿಯಲ್ಲಿ ಮಾತನಾಡುವವರನ್ನೇ ಹುಡುಕಿ. ಸಂಖ್ಯೆ, ಚಿತ್ರ, ಬಣ್ಣ, ಹಣದ ನೋಟಿನ ಮೇಲಿನ ಅಂಕಿ, ಇವುಗಳ ಆಟ ಎಲ್ಲ ಭಾಷೆಯವರಿಗೂ ಸಲ್ಲುತ್ತದೆ. ತಳಿಯ ಹೆಸರು ಹೊರಬರುವ ಆಟವನ್ನು ಮಾಡಬಹುದು, ಕಷ್ಟವೇನಿಲ್ಲ.

ಹಗಲುವೇಷ
ಇಷ್ಟೆಲ್ಲ ಪಾಡು ಏಕೆ? ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗೆ ದೇಶಕ್ಕೇ ಹೆಸರು ತಂದುಕೊಟ್ಟ ಜಿಲ್ಲೆ ಬಳ್ಳಾರಿ. ಬಯಲಾಟ ಇದೆ, ಹಗಲುವೇಷ ಇದೆ. ಸುಡುಗಾಡು ಸಿದ್ಧರ ಕೈಚಳಕ ಯಾವ ಮೆಂಟಲಿಸ್ಟನಿಗೆ ಕಡಿಮೆ? ಬುದ್ಧಿಯ ಬೆರಗೇ ಬೇಕೆಂದರೆ ಅವಧಾನ ಮಾಡಿಸಿ, ಹಲವರ ಪ್ರಶ್ನೆಗಳನ್ನು ಒಟ್ಟಿಗೆ ನೆನಪಿಟ್ಟು ಉತ್ತರಿಸುವ ಕಲೆ ಅದು. ಅಲ್ಲಿ ಗುಟ್ಟಿಲ್ಲ, ನೆನಪಿನ ಶಕ್ತಿ ಇದೆ. ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅದು ನಿಜವಾದ ಮನಸ್ಸಿನ ಆಟ.

ವೇದಿಕೆಯ_ಹಿಂದೆ
ಒಪ್ಪುತ್ತೇನೆ, ಆದರೆ ಒಂದು ಕಹಿ ಮಾತು. ಕಂಪನಿಗಳು ಜಾನಪದ ಕಲಾವಿದರನ್ನು ಕರೆಸಿದಾಗ ಬಾಗಿಲಲ್ಲಿ ನಿಲ್ಲಿಸಿ ಸ್ವಾಗತಕ್ಕೆ ಡೊಳ್ಳು ಬಾರಿಸಲು ಹೇಳುತ್ತವೆ. ಮೆಂಟಲಿಸ್ಟನಿಗೆ ಕೊಡುವ ವೇದಿಕೆ, ಬೆಳಕು, 40 ನಿಮಿಷದ ಮೌನವನ್ನು ಅವರಿಗೂ ಕೊಟ್ಟರೆ ಮಾತ್ರ ಹೋಲಿಸಬಹುದು.

ಮೈಲಾರದ_ದಾರಿ
ಎಲ್ಲ ಓದಿದೆ. ಮೊದಲ ಪ್ರಶ್ನೆಯಲ್ಲಿದ್ದ ಒಂದು ಸಾಲಿನ ಮೇಲೆ ಯಾರ ಕಣ್ಣೂ ಬಿದ್ದಿಲ್ಲ: ಹತ್ತಿ ದರದ ಲಕೋಟೆ.

ನಮ್ಮ ಸೀಮೆಯವರಿಗೆ ಭವಿಷ್ಯ ಕೇಳುವುದು ಬರೀ ತಮಾಷೆಯಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆಮೇಲೆ ಮಳೆ ಹೇಗೆ, ಬೆಳೆ ಹೇಗೆ, ಸರ್ಕಾರ ಏನಾಗುತ್ತದೆ ಎಂದು ತಿಂಗಳುಗಟ್ಟಲೆ ಅರ್ಥ ಬಿಡಿಸುತ್ತಾರೆ. ನಾನೂ ಹೋಗುತ್ತೇನೆ, ಅದು ನನ್ನ ಭಕ್ತಿ, ಅದರ ಚರ್ಚೆ ಇಲ್ಲಿ ಬೇಡ. ಆದರೆ ಗೊರವಯ್ಯ ಬೀಜ ಮಾರುವುದಿಲ್ಲ. ನೀವು ಮಾರುತ್ತೀರಿ.

ಅಂಗಡಿಯವನು ಸಮ್ಮೇಳನದಿಂದ ಊರಿಗೆ ಹೋಗಿ "ಕಂಪನಿಯವರು ಕರೆಸಿದ್ದ ಮನುಷ್ಯ ಹತ್ತಿಗೆ ಇಷ್ಟು ದರ ಎಂದು ಬರೆದಿಟ್ಟಿದ್ದಾನೆ, ನನ್ನ ಮನಸ್ಸಿನಲ್ಲಿದ್ದದ್ದನ್ನೂ ಹೇಳಿದ" ಎಂದು ರೈತನಿಗೆ ಹೇಳಿದರೆ? ಕೇಳಿದ ರೈತ ತೊಗರಿ ಬಿಟ್ಟು ಇನ್ನೆರಡು ಎಕರೆ ಹತ್ತಿ ಹಾಕಿದರೆ? ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ದರ ಬಿದ್ದ ದಿನ ಆ ಲಕೋಟೆಯ ಹೊಣೆ ಯಾರದು? ಕಲಾವಿದ ಅಷ್ಟೊತ್ತಿಗೆ ಇನ್ನೆಲ್ಲೋ ಇರುತ್ತಾನೆ.

ಭತ್ತದ_ವ್ಯಾಪಾರಿ
ನೂರಕ್ಕೆ ನೂರು. ನಾನು ಇಷ್ಟು ಹೊತ್ತು ನಗೆಯಾಡಿದೆ, ಇದು ನಗೆಯ ಮಾತಲ್ಲ. ಉದ್ರಿ ಬೀಜ ಒಯ್ದವರು ದರ ಬಿದ್ದಾಗ ಬಂದು ನಿಲ್ಲುವುದು ನನ್ನ ಅಂಗಡಿಯ ಮುಂದೆ.

ಕೈಚಳಕದ_ಮಾಸ್ತರ
ಮುಂದಿನ ಹಂಗಾಮಿನ ದರವನ್ನು ಯಾವ ಮೆಂಟಲಿಸ್ಟನೂ ಬರೆದಿಡಲಾರ ಎಂಬುದೂ ತಿಳಿದಿರಲಿ. ಲಕೋಟೆಯ ಆಟದಲ್ಲಿ ಮಾತು ಮುಗಿಯುವುದು ವೇದಿಕೆಯ ಮೇಲೆಯೇ. ವಾರದ ಮೊದಲು ಕೊರಿಯರ್‌ನಲ್ಲಿ ಬಂದ ಲಕೋಟೆಯೊಳಗೆ ಅಂದಿನ ಪತ್ರಿಕೆಯ ತಲೆಬರಹ ಇದ್ದಂತೆ ಕಾಣಬಹುದು. ಅಂದು ಆಗಿಹೋದದ್ದು ಅವನಿಗೂ ಗೊತ್ತಿರುತ್ತದೆ, ಉಳಿದದ್ದು ಕೈಯ ಕೆಲಸ. ಆರು ತಿಂಗಳ ಮುಂದಿನ ದರಕ್ಕೆ ಕೈಚಳಕ ಇಲ್ಲ. ಹಣ ಕೊಡುತ್ತೇವೆ ಎಂದರೆ ಒಪ್ಪಿಕೊಳ್ಳುವವನು ಸಿಕ್ಕಾನು. ಅಂಥವನನ್ನು ಮೊದಲು ಕೈಬಿಡಿ.

ಒಟ್ಟಾರೆ ಗುಣ ಹೇಳುವ "ನಿಮ್ಮ ವ್ಯಾಪಾರದಲ್ಲಿ ಒಬ್ಬ ಹತ್ತಿರದವನಿಂದ ತೊಂದರೆ ಆಗಿದೆ, ಆದರೂ ನೀವು ಹೊರಗೆ ತೋರಿಸಿಕೊಳ್ಳುವುದಿಲ್ಲ" ಎಂಬ ಮಾತುಗಳ ಬಗ್ಗೆಯೂ ಎಚ್ಚರ. ಬರ್ಟ್ರಾಮ್ ಫೋರರ್ ಎಂಬ ಪ್ರಾಧ್ಯಾಪಕ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿನ್ನ ವ್ಯಕ್ತಿತ್ವ" ಎಂದು ಒಂದೊಂದು ಹಾಳೆ ಕೊಟ್ಟು, ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಕೇಳಿದ. ಸರಾಸರಿ 4.26 ಬಂತು. ಎಲ್ಲ ಹಾಳೆಗಳಲ್ಲೂ ಇದ್ದದ್ದು ಒಂದೇ ಬರಹ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ನಾಡು ನಮ್ಮದು. ಪ್ರದರ್ಶನದ ಮೊದಲಲ್ಲೇ "ನನಗೆ ಯಾವ ಶಕ್ತಿಯೂ ಇಲ್ಲ, ಇದು ಅಭ್ಯಾಸದ ಕಲೆ" ಎಂದು ಹೇಳಿಸಿ. ಹೇಳಿದರೆ ಬೆರಗು ಕಡಿಮೆಯಾಗುವುದಿಲ್ಲ. ನಾನು ಹೇಳಿಯೇ ಮಾಡುತ್ತೇನೆ, ಮಕ್ಕಳು ಆದರೂ ನನ್ನ ಜೇಬು ತಡಕುತ್ತಾರೆ.

ಮೂರನೇ_ಪಾಳಿ
ಹಾಗಾದರೆ ತಳಿಯ ಹೆಸರಿನ ಆಟವೂ ಬೇಡವೇ? "ನಿಮ್ಮ ಆಯ್ಕೆಯನ್ನು ನಿಮಗೆ ಗೊತ್ತಿಲ್ಲದೆ ನಾನು ಬದಲಿಸಬಲ್ಲೆ" ಎನ್ನುವವನನ್ನು ಬೀಜದ ಪ್ಯಾಕೆಟ್ಟಿನ ಪಕ್ಕ ನಿಲ್ಲಿಸುವುದು ಒಳ್ಳೆಯ ಜಾಹೀರಾತೇ?

ಶಕ್ತಿನಗರದ_ಅಕ್ಕ
ನನ್ನ ಮಟ್ಟಿಗೆ ಬೇಡ. ಮೊದಲು ತಳಿಯ ವಿಷಯವನ್ನು ಕೃಷಿ ತಿಳಿದವರು ನೇರವಾಗಿ ಹೇಳಲಿ, ಪ್ರಶ್ನೆ ಕೇಳಲು ಬಿಡಿ. ಅದು ಮುಗಿದು, ಕಂಪನಿಯ ಫಲಕ ಪರದೆಯಿಂದ ಹೋದ ಮೇಲೆ ಆಟ ಶುರುವಾಗಲಿ.

ಕೈಚಳಕದ_ಮಾಸ್ತರ
ನಾನು ಅಷ್ಟು ಬಿಗಿ ಮಾಡುವುದಿಲ್ಲ. ಹೆಸರು ಬರೀ ಹೆಸರು, ಅದರಿಂದ ಯಾರ ಹೊಲವೂ ಹಾಳಾಗದು. ಇಳುವರಿ, ಮಳೆ, ದರ, ಈ ಮೂರು ಅವನ ಬಾಯಲ್ಲಿ ಬರಬಾರದು. ಅಕ್ಕನವರು ಒಪ್ಪದಿದ್ದರೆ ಬೇಸರವಿಲ್ಲ.

ಹತ್ತಿಬೀಜ_ರಾಯಚೂರು
ಎಲ್ಲರಿಗೂ ವಂದನೆ. ಇಂದು ವಲಯ ವ್ಯವಸ್ಥಾಪಕರೊಂದಿಗೆ ಕುಳಿತಿದ್ದೆ. ದರದ ಲಕೋಟೆ ಬೇಡ ಎಂದಾಗ ಮುಖ ಗಂಟಿಕ್ಕಿದರು. ದರ ಬಿದ್ದ ದಿನ ಪತ್ರಕರ್ತರು ಆ ಲಕೋಟೆ ಕೇಳಿಕೊಂಡು ಬರುತ್ತಾರೆ ಎಂದ ಮೇಲೆ ತಕ್ಷಣ ಒಪ್ಪಿದರು. ತಳಿಯ ಹೆಸರಿನ ಆಟವನ್ನು ಮಾತ್ರ ಬಿಡುತ್ತಿಲ್ಲ. ನಾನೂ ಹೆಚ್ಚು ಎಳೆಯಲಿಲ್ಲ, ಕೆಲಸ ಅವರ ಕೈ ಕೆಳಗೆ ಮಾಡಬೇಕು. ಪಾಸ್‌ವರ್ಡ್, ಪ್ರೀತಿ, ಕಾಯಿಲೆ ಬೇಡ ಎಂಬುದನ್ನು ಒಪ್ಪಂದದಲ್ಲಿ ಬರೆಯುತ್ತೇವೆ. ಸಂಜೆ ಆರೂವರೆಗೆ ಪ್ರದರ್ಶನ, ಏಳೂಕಾಲಿಗೆ ಊಟ.

ಕನ್ನಡದಲ್ಲಿ ಮಾಡುವವರು ಯಾರಾದರೂ ಗೊತ್ತಿದ್ದರೆ ಖಾಸಗಿ ಸಂದೇಶದಲ್ಲಿ ತಿಳಿಸಿ.

ವೇದಿಕೆಯ_ಹಿಂದೆ
ಇಬ್ಬರ ವಿವರ ಕಳಿಸಿದ್ದೇನೆ. ಒಬ್ಬರು ತೆಲುಗನ್ನೂ ಮಾತನಾಡುತ್ತಾರೆ. ದಿನಾಂಕ ಬೇಗ ಕಾಯ್ದಿರಿಸಿ, ಮತ್ತು ಸಭಾಂಗಣದವರನ್ನು ಜನರೇಟರ್ ಇದೆಯೇ ಎಂದು ಕೇಳಬೇಡಿ, ಚಾಲೂ ಮಾಡಿ ತೋರಿಸಲು ಹೇಳಿ.